ಸಹಾಯ ಬೇಕು: ಏಸಿ ಹಾಕಿದ್ರೂ ರೂಮಲ್ಲಿ ತೇವ ಹೋಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಅಮ್ಮನ ರೂಮು ಚಿಕ್ಕದು, 10ಕ್ಕೆ 11 ಅಡಿ, ಏಸಿ 1.5 ಟನ್. ಈ ಮಳೆಗಾಲದಲ್ಲಿ 24 ಡಿಗ್ರಿಗೆ ಇಟ್ರೆ ಬೇಗ ತಣ್ಣಗಾಗುತ್ತೆ, ಆದ್ರೆ ತೇವಾಂಶ ಶೇ. 72ರಿಂದ ಇಳಿಯಲ್ಲ. ಬೀರು ಹಿಂದೆ ಗೋಡೆಗೆಲ್ಲ ಬೂಷ್ಟು, ರೇಷ್ಮೆ ಸೀರೆಗಳಿಗೆ ಮುಗ್ಗಲು ವಾಸನೆ. ಅಮ್ಮಂಗೆ ಮೊದಲೇ ಉಬ್ಬಸ, ನನಗೆ ಅದೇ ಚಿಂತೆ.

ಏಸಿ ರೂಮಿಗಿಂತ ದೊಡ್ಡದಾದ್ರೆ ಕಂಪ್ರೆಸರ್ ಬೇಗ ನಿಂತುಬಿಡುತ್ತೆ, ಗಾಳಿಯ ನೀರು ಇಳಿಯೋಕೆ ಟೈಮೇ ಸಿಗಲ್ಲ. ಆಮೇಲೂ ಏಸಿಯ ಫ್ಯಾನ್ ಓಡ್ತಿದ್ರೆ ಒಳಗಿನ ತಣ್ಣನೆ ಕಾಯಿಲ್ (ಗಾಳಿ ತಣ್ಣಗೆ ಮಾಡೋ ಕೊಳವೆ ಸುರುಳಿ) ಮೇಲಿರೋ ನೀರು ಆವಿಯಾಗಿ ವಾಪಸ್ ರೂಮಿಗೇ ಬರುತ್ತೆ. ಏಸಿಯ ಡ್ರೈ ಮೋಡ್‌ನಲ್ಲಿ (ತೇವ ತೆಗೆಯೋ ಸೆಟ್ಟಿಂಗ್) ಪರವಾಗಿಲ್ಲ, ಆದ್ರೆ ರಾತ್ರಿ ಅಮ್ಮಂಗೆ ಚಳಿ ತಡಿಯಲ್ಲ.

ಶೇ. 60ರ ಒಳಗೆ ತರಬೇಕು. 1 ಟನ್ ಏಸಿಗೆ ಬದಲಾಯಿಸೋದಾ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯೋ ಮಷಿನ್) ತಗೊಳ್ಳೋದಾ? ಬಳಸ್ತಿರೋರು ದಯವಿಟ್ಟು ಹೇಳಿ, ಕರೆಂಟ್ ಬಿಲ್ ಎಷ್ಟು ಏರುತ್ತೆ ಅನ್ನೋದೂ ತಿಳಿಸಿ.