ಕಾರಿನ ಕೆಳಗೆ ದಿನಾ ಬೆಳಿಗ್ಗೆ ಕಲೆ: ಗೊತ್ತಿದ್ದವರು ಹೇಳಿ

ಕೇಳಿದವರು: ನಮ್ಮದು ಹಳೇ ಪೆಟ್ರೋಲ್ ಕಾರು. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಬಾನೆಟ್ ಕೆಳಗೆ ಅಂಗೈಯಗಲ ಒದ್ದೆ ಇರುತ್ತೆ. ಗ್ಯಾರೇಜಿನವರು ಬಗ್ಗಿಯೂ ನೋಡದೆ ‘ರೇಡಿಯೇಟರ್ ಹೋಗಿದೆ, ಹೊಸದು ಹಾಕಿಸಿ’ ಅಂದರು. ಮುಂದಿನ ವಾರ ಅಮ್ಮನನ್ನು ಕರ್ಕೊಂಡು ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗೋದಿದೆ. ಏನು ಮಾಡ್ಲಿ?

ಮೈಸೂರಿನಿಂದ: ಮೊದಲು ಅದು ಬರೀ ನೀರಾ ನೋಡಿ ಸಾರ್. ಎಸಿ ಹಾಕಿದ್ದಾಗ ಎಡಗಡೆ ನೀರು ತೊಟ್ಟಿಕ್ಕೋದು ಸಹಜ. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲ ಅಂದ್ರೆ ಚಿಂತೆ ಬಿಡಿ.

ಹಾಸನದಿಂದ: ರಾತ್ರಿ ಎಂಜಿನ್ ಕೆಳಗೆ ದೊಡ್ಡ ಬಿಳಿ ರಟ್ಟು ಹಾಸಿ, ಚಕ್ರ ಎಲ್ಲಿದೆ ಅಂತ ಅದರ ಮೇಲೆ ಗುರುತು ಹಾಕಿಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಅಂತ ಎರಡೂ ಗೊತ್ತಾಗುತ್ತೆ. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣ, ಸ್ವಲ್ಪ ಸಿಹಿ ವಾಸನೆ ಇದ್ದರೆ ಕೂಲಂಟ್, ಅಂದ್ರೆ ರೇಡಿಯೇಟರ್ ಮೂಲಕ ಹರಿದು ಎಂಜಿನ್ ತಣ್ಣಗಿಡೋ ದ್ರವ. ಆದರೆ ಕೂಲಂಟ್ ಸೋರಿದ ಮಾತ್ರಕ್ಕೆ ರೇಡಿಯೇಟರೇ ಹೋಗಿದೆ ಅಂತ ಅಲ್ಲ. ಹೋಸ್ (ಕೂಲಂಟ್ ಹರಿಯೋ ರಬ್ಬರ್ ಪೈಪ್) ಕ್ಲಿಪ್ ಸಡಿಲ ಆಗಿರಬಹುದು, ಕೂಲಂಟ್ ತಳ್ಳೋ ವಾಟರ್ ಪಂಪ್ ಆಗಿರಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕೋದು) ಮಾಡಿಸಿ, ಎಲ್ಲಿಂದ ಬರ್ತಿದೆ ಅಂತ ಕಣ್ಣೆದುರೇ ತೋರಿಸೋಕೆ ಹೇಳಿ. ತೋರಿಸದವರಿಗೆ ದುಡ್ಡು ಕೊಡಬೇಡಿ. ಸೋರಿಕೆ ನಿಲ್ಲಿಸೋ ಪುಡಿ, ದ್ರಾವಣ ಅಂತ ಅಂಗಡೀಲಿ ಕೊಡ್ತಾರೆ, ಬೇಡ. ರೇಡಿಯೇಟರಿನ ಸಣ್ಣ ದಾರಿಗಳೂ ಅದರಿಂದ ಕಟ್ಟಿಕೊಳ್ಳಬಹುದು. ಬೀದಿನಾಯಿ, ಬೆಕ್ಕು ಇರೋ ಕಡೆ ಬಿದ್ದ ಕೂಲಂಟ್ ತೊಳೆದುಬಿಡಿ, ನೆಕ್ಕಿದರೆ ಅವಕ್ಕೆ ವಿಷ.

ಪುತ್ತೂರಿನಿಂದ: ಘಾಟಿ ಅಂದಿರಲ್ಲ, ಅದಕ್ಕೇ ಹೇಳ್ತಿರೋದು. ಚಕ್ರದ ಒಳಮಗ್ಗುಲಲ್ಲಿ ತಿಳಿ ಹಳದಿ ಅಥವಾ ಕಂದು ಜಾರು ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಡಬ್ಬಿಯಲ್ಲಿ ಮಟ್ಟ ಇಳಿದು, ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗ್ತಿದ್ದರೆ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಬರೀ ತುಂಬಿಸಿಕೊಂಡು ಹೊರಟರೆ ಇಳಿಜಾರಲ್ಲಿ ದೇವರೇ ಗತಿ. ಅದು ಬಾಡಿ ಮೇಲೆ ಚೆಲ್ಲಿದರೆ ಪೇಂಟ್ ಕೂಡ ಕಿತ್ತು ಬರುತ್ತೆ, ತಕ್ಷಣ ನೀರು ಹಾಕಿ.

ಮೈಸೂರಿನಿಂದ: ಕಂದು ಅಥವಾ ಕಪ್ಪು ಜಿಡ್ಡಾದರೆ ಎಂಜಿನ್ ಆಯಿಲ್. ಆಯಿಲ್ ಮಟ್ಟ ತೋರಿಸೋ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಇತ್ತೀಚೆಗೆ ಆಯಿಲ್ ಬದಲಿಸಿದ್ದರೆ ಹಳೇ ಆಯಿಲ್ ಇಳಿಸೋ ಡ್ರೈನ್ ಬೋಲ್ಟಿನ ವಾಷರ್ ಮೇಲೆ ಮೊದಲ ಅನುಮಾನ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ಸ್ಟಾರ್ಟೇ ಮಾಡಬೇಡಿ. ಇಲಿ ಪೈಪ್ ಕಡಿದಿರೋ ಸಾಧ್ಯತೆನೂ ಇದೆ.

ಕೇಳಿದವರು: ರಟ್ಟು ಹಾಸಿ ನೋಡಿದೆ, ಹಸಿರು ಕಲೆ. ಟಾರ್ಚ್ ಬಿಟ್ಟರೆ ಕೆಳಗಿನ ಹೋಸಿನ ಬಾಯಿ ಸುತ್ತ ಬಿಳಿ ಹಕ್ಕಳೆ ಕಟ್ಟಿದೆ. ಬ್ರೇಕ್ ಆಯಿಲ್ ಮಟ್ಟ ಸರಿ ಇದೆ. ಇವತ್ತೇ ಬೇರೆ ಕಡೆ ಟೆಸ್ಟ್ ಮಾಡಿಸ್ತೀನಿ.

ಹಾಸನದಿಂದ: ಅಲ್ಲಿಂದಲೇ ಅಂತ ಖಾತ್ರಿಯಾದರೆ ಕ್ಲಿಪ್ ಜೊತೆ ಹೋಸನ್ನೂ ಬದಲಿಸಿಬಿಡಿ. ಹಳೇ ರಬ್ಬರ್ ಗಟ್ಟಿಯಾಗಿದ್ದರೆ ಹೊಸ ಕ್ಲಿಪ್ ಹಾಕಿದರೂ ಹಿಡಿಯಲ್ಲ. ವಾಪಸ್ ಬರುವಾಗ ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಹತ್ತೋ ಹೊತ್ತಿಗೆ ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ. ಏರಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಅಮ್ಮ ಎಷ್ಟೇ ಅವಸರ ಮಾಡಲಿ, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ.