ಕ್ರೂಸ್‌ಗೆ ಇಸ್ತ್ರಿ ಪೆಟ್ಟಿಗೆ ಬಿಡಲ್ಲ: ಸೀರೆ, ಲಿನನ್ ಶರ್ಟು ಸುಕ್ಕಾಗದಂತೆ ಒಯ್ಯೋದು ಹೇಗೆ?

ಜಯನಗರದ_ಜೋಳಿಗೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಹೊರಟಿದ್ದೀವಿ. ಹೋದ ಸಲದ ಫಜೀತಿ ಮತ್ತೆ ಬೇಡ ಅಂತ ಈಗಲೇ ಕೇಳ್ತಿದ್ದೀನಿ.

ಆಗ ಅಂಗೈಯಗಲದ ಟ್ರಾವೆಲ್ ಇಸ್ತ್ರಿ ಪೆಟ್ಟಿಗೆ ಒಯ್ದಿದ್ದೆ. ಹಡಗು ಹತ್ತುವ ಮೊದಲು ಸ್ಕ್ಯಾನಿಂಗ್‌ನಲ್ಲಿ ಹಿಡಿದು, ಚೀಟಿ ಕೊಟ್ಟು, ಇಳಿಯುವಾಗ ವಾಪಸ್ ತಗೊಳ್ಳಿ ಅಂದ್ರು. ಸೂಟ್‌ಕೇಸು ಕೋಣೆಗೆ ಬರುವಷ್ಟರಲ್ಲಿ ಸಂಜೆ ಏಳು. ತೆಗೆದು ನೋಡಿದ್ರೆ ನನ್ನ ಲಿನನ್ ಶರ್ಟು ಉಂಡೆದ್ದ ಮೇಲೆ ಮಡಿಚಿಟ್ಟ ಬಾಳೆಎಲೆ ಥರ ಇತ್ತು. ಬ್ಲೇಜರ್ ಬೆನ್ನಿಗೆ ಅಡ್ಡಗೆರೆ. ಯೂಟ್ಯೂಬ್ ನೋಡಿ, ಬಾತ್‌ರೂಮಲ್ಲಿ ಬಿಸಿನೀರು ಬಿಟ್ಟು ಆವಿಗೆ ಅಂತ ಎಲ್ಲಾನೂ ತೂಗುಹಾಕಿದೆ. ಶರ್ಟು ಹಾಗೇ ಇತ್ತು, ಮನೆಯವರ ಕಂಚಿ ಸೀರೆಯ ಸೆರಗಿನ ಮೇಲೆ ಮಾತ್ರ ನೀರಿನ ಕಲೆ ಬಿತ್ತು. ಆ ಕಲೆಯ ವಿಷಯ ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ.

ಎರಡನೇ ರಾತ್ರಿ ಫಾರ್ಮಲ್ ಊಟ ಇರುತ್ತೆ. ಈ ಸಲ ಏನು ಮಾಡ್ಲಿ?

ಧಾರವಾಡ_ಫೇಡಾ

ಚಿಂತಿ ಮಾಡಬ್ಯಾಡ್ರಿ ಸರ. ನಮ್ಮ ಅಪ್ಪ ಸಾಲಿ ಮಾಸ್ತರ, ಜೀವಮಾನದಾಗ ಇಸ್ತ್ರಿಗೆ ರೊಕ್ಕಾ ಕೊಟ್ಟವರಲ್ಲ. ರಾತ್ರಿ ಪ್ಯಾಂಟ್ ಮಡಚಿ ಗಾದಿ ಕೆಳಗ ಇಡೋದು, ಮುಂಜಾನೆ ಗೆರಿ ಚಾಕು ಇಟ್ಟಂಗ. ಅಂಗಿಗೆ ತಂಬಗಿಯೊಳಗ ಕೆಂಡ ಹಾಕಿ ತಿಕ್ಕತಿದ್ದರು. ಹಡಗಿನಾಗ ಕೆಂಡ ಕೇಳಿದ್ರ ನಿಮ್ಮನ್ನೂ ಚೀಟಿ ಕೊಟ್ಟು ತಗದಿಡತಾರ, ಹಂಗಾಗಿ ಗಾದಿ ಒಂದ ಸಾಕು.

ಕಡಲತಡಿ

ನಾನು ಒಂಬತ್ತು ವರ್ಷ ಹಡಗಿನ ಲಾಂಡ್ರಿಯಲ್ಲಿ ದುಡಿದವ, ಈಗ ಊರಲ್ಲೇ ಇದ್ದೇನೆ. ಇಸ್ತ್ರಿ ಪೆಟ್ಟಿಗೆ ತೆಗೆದಿಟ್ಟದಕ್ಕೆ ಬೇಸರ ಮಾಡ್ಬೇಡಿ. ಹಡಗಲ್ಲಿ ನಾವು ನೀರಿಗಿಂತ ಬೆಂಕಿಗೆ ಹೆದರುದು ಹೆಚ್ಚು. 2006ರ ಮಾರ್ಚಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗು ಜಮೈಕಾದ ಹತ್ರ ಇದ್ದಾಗ ಬಾಲ್ಕನಿಯಲ್ಲಿ ಹತ್ತಿದ ಬೆಂಕಿಯಿಂದ ನೂರಕ್ಕೂ ಹೆಚ್ಚು ಕೋಣೆಗಳಿಗೆ ಹಾನಿ ಆಗಿತ್ತು. ಅದು ಇಸ್ತ್ರಿಯಿಂದ ಆದದ್ದಲ್ಲ, ಸಿಗರೇಟು ತುಂಡು ಅಂತ ತನಿಖೆಯವರ ಅಂದಾಜು. ಆದ್ರೆ ಮರೆತುಹೋದ ಒಂದು ಬಿಸಿ ವಸ್ತು ಸಾಕು. ಇಸ್ತ್ರಿ ಮಾತ್ರ ಅಲ್ಲ, ಆವಿಯಿಂದ ಸುಕ್ಕು ಬಿಡಿಸುವ ಸ್ಟೀಮರೂ ಕೆಟಲೂ ಮನೆಯಿಂದ ತರ್ಬೇಡಿ, ಅವೂ ಒಳಗೆ ಬರುದಿಲ್ಲ. ಕ್ಯುನಾರ್ಡಿನಂಥ ಕೆಲವು ಕಂಪನಿಯ ಹಡಗಲ್ಲಿ ಪ್ರಯಾಣಿಕರೇ ಒಗೆಯುವ ಕೋಣೆ ಉಂಟು. ರಾಯಲ್ ಕೆರಿಬಿಯನ್‌ನಲ್ಲಿ ಇಲ್ಲ. ನಿಮ್ಮದು ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

ಬಾತ್‌ರೂಮಿನ ಆವಿ ಹೋಟೆಲಲ್ಲಿ ಸ್ವಲ್ಪ ನಡೀತದೆ, ಹಡಗಲ್ಲಿ ಕಷ್ಟ. ಗಾಳಿ ಎಳೆಯುವ ಫ್ಯಾನು ಒಂದೇ ಸಮನೆ ಓಡ್ತಾ ಇರ್ತದೆ, ಆವಿ ನಿಲ್ಲುದಿಲ್ಲ. ಜಾಗ ನೋಡಿದ್ರೆ ತಿರುಗಿದಲ್ಲಿ ಮೊಣಕೈ ತಾಗ್ತದೆ. ಬಟ್ಟೆ ಒದ್ದೆ ಗೋಡೆಗೆ ತಾಗಿ ರೇಷ್ಮೆಗೆ ಕಲೆ ಆಗದೆ ಇನ್ನೆಂತ ಆಗ್ತದೆ ಮಾರ್ರೆ!

ಈಗ ಒಂದು ಪ್ರಶ್ನೆ. ಆ ಶರ್ಟನ್ನು ಇಸ್ತ್ರಿ ಮಾಡಿಸಿದ್ದು ಯಾವಾಗ, ಸೂಟ್‌ಕೇಸಿಗೆ ಹಾಕಿದ್ದು ಯಾವಾಗ?

ಜಯನಗರದ_ಜೋಳಿಗೆ

ಹೊರಡೋ ದಿನ ಸಂಜೆ. ಬೀದಿ ತುದಿಯ ಇಸ್ತ್ರಿ ಗಾಡಿಯವನು ಒಂಬತ್ತು ಶರ್ಟು ಪೇಪರಲ್ಲಿ ಸುತ್ತಿಕೊಟ್ಟ. ಕ್ಯಾಬ್ ಬಂದಿತ್ತು, ಹಾಗೇ ತುರುಕಿದೆ. ಇನ್ನೂ ಬೆಚ್ಚಗಿತ್ತು ಅಂತ ಚೆನ್ನಾಗಿ ನೆನಪಿದೆ.

ಕಡಲತಡಿ

ಅಲ್ಲೇ ಉಂಟು ನಿಮ್ಮ ರೋಗ. ಸುಕ್ಕು ಹಡಗಲ್ಲಿ ಆದದ್ದಲ್ಲ, ಜಯನಗರದಲ್ಲೇ ಆದದ್ದು.

ಹತ್ತಿ, ಲಿನನ್‌ಗೆ ಬಿಸಿ ಮತ್ತು ತೇವ ತಾಗಿದಾಗ ನೂಲಿನ ಒಳಗಿನ ಹಿಡಿತ ಸಡಿಲ ಆಗ್ತದೆ. ಆಮೇಲೆ ಯಾವ ರೂಪದಲ್ಲಿ ತಣಿದು ಒಣಗ್ತದೋ ಅದೇ ರೂಪಕ್ಕೆ ಗಟ್ಟಿ ಆಗ್ತದೆ. ಇಸ್ತ್ರಿ ಅಂದ್ರೆ ಅಷ್ಟೇ ಕೆಲಸ. ನೀರು ಚಿಮುಕಿಸಿ ಇಸ್ತ್ರಿ ಮಾಡಿದ ಬಟ್ಟೆಯನ್ನು ಬೆಚ್ಚಗಿರುವಾಗಲೇ ಎಂಟು ಮಡಿಕೆ ಮಾಡಿ, ಮೇಲೆ ಶೂ ಹೇರಿದ್ರೆ, ಆ ಮಡಿಕೆಗಳನ್ನೂ ನೀವೇ ಇಸ್ತ್ರಿ ಮಾಡಿದ ಹಾಗೆ. ಲಾಂಡ್ರಿಯಲ್ಲಿ ನಾವು ಪ್ರೆಸ್ ಆದ ಅಂಗಿಯನ್ನು ಹ್ಯಾಂಗರಲ್ಲಿ ತಣಿಸದೆ ಮಡಿಸಿದ್ರೆ ಸೂಪರ್‌ವೈಸರ್ ಬೈತಿದ್ದ.

ಹೊರಡುವ ಹಿಂದಿನ ದಿನವೇ ಇಸ್ತ್ರಿ ಮಾಡಿಸಿ, ಮಡಿಸಬೇಡ ಅಂತ ಹೇಳಿ, ಹ್ಯಾಂಗರಲ್ಲಿ ತನ್ನಿ. ರಾತ್ರಿಯಿಡೀ ತೂಗಲಿ. ಗಂಜಿ ಬೇಡ, ಗಂಜಿ ಹಾಕಿದ ಬಟ್ಟೆ ಮುರಿದ ಜಾಗದಲ್ಲಿ ಗೀರು ಬಿಡ್ತದೆ. ಪ್ರತಿ ಅಂಗಿಗೂ ಡ್ರೈಕ್ಲೀನಿಂಗಿನವರು ಕೊಡುವ ತೆಳು ಪ್ಲಾಸ್ಟಿಕ್ ಕವರ್ ಹಾಕಿ, ಆಮೇಲೆ ಒಂದೇ ಮಡಿಕೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಜಾರ್ತದೆ, ಬಟ್ಟೆಗೆ ಬಟ್ಟೆ ಕಚ್ಚಿಕೊಳ್ಳುದಿಲ್ಲ. ಶೂ ಚಕ್ರದ ಬದಿಗೆ ಇರ್ಲಿ. ಸೂಟ್‌ಕೇಸು ನಿಂತಾಗ ಭಾರ ಎಲ್ಲ ಕೆಳಗೆ ಜಾರುವುದು ಅಲ್ಲಿಗೇ. ಅರ್ಧ ಖಾಲಿ ಪೆಟ್ಟಿಗೆ ತುಂಬಿದ ಪೆಟ್ಟಿಗೆಗಿಂತ ಕೆಟ್ಟದ್ದು, ಒಳಗೆ ಬಟ್ಟೆ ಕುಣಿಯುತ್ತದೆ. ಖಾಲಿ ಜಾಗಕ್ಕೆ ಟವೆಲು ತುಂಬಿಸಿ.

ಬ್ಲೇಜರಿನ ಒಂದು ಹೆಗಲನ್ನು ಒಳಹೊರಗೆ ಮಾಡಿ, ಇನ್ನೊಂದು ಹೆಗಲನ್ನು ಅದರೊಳಗೆ ಕೂರಿಸಿ. ಮಧ್ಯೆ ಒಂದು ಬನಿಯನ್ ಸುರುಳಿ ಇಟ್ಟು ಮಡಿಸಿದ್ರೆ ಬೆನ್ನಿಗೆ ಗೆರೆ ಬೀಳುದಿಲ್ಲ.

ಸೀರೆಪೆಟ್ಟಿಗೆ

ಜೋಳಿಗೆ ಸರ್, ಸೀರೆ ಬಗ್ಗೆ ನಾನು ಹೇಳ್ತೀನಿ. ಮೈಸೂರಲ್ಲಿ ಸೀರೆ ನೆರಿಗೆ ಹಿಡಿದು ಬಾಕ್ಸ್ ಫೋಲ್ಡಿಂಗ್ ಮಾಡಿಕೊಡೋದೇ ನನ್ನ ಕೆಲಸ.

ಮೊದಲನೆಯದಾಗಿ, ಕಂಚಿ ಸೀರೆ ಹಡಗಿಗೆ ಯಾಕೆ? ಮೈಸೂರು ಸಿಲ್ಕ್ ಕ್ರೇಪ್ ಒಯ್ಯೋಕೆ ಹೇಳಿ. ಆ ನೂಲನ್ನು ಬಿಗಿಯಾಗಿ ಹುರಿ ಮಾಡಿರ್ತಾರೆ, ಅದಕ್ಕೇ ಮುಷ್ಟಿಯಲ್ಲಿ ಹಿಂಡಿ ಬಿಟ್ಟರೂ ಜಾರಿ ಬಿಚ್ಚಿಕೊಳ್ಳುತ್ತೆ. ಕಂಚಿಯೇ ಬೇಕು ಅಂದ್ರೆ ಬಾಕ್ಸ್ ಫೋಲ್ಡಿಂಗ್ ಮಾಡಿಸಿ, ನೆರಿಗೆ ಸೆರಗು ಎಲ್ಲ ಕೂತೇ ಬರುತ್ತೆ, ಉಟ್ಟುಕೊಳ್ಳೋಕೆ ಐದು ನಿಮಿಷ. ಸೂಟ್‌ಕೇಸಿನ ಮೇಲುಗಡೆ ಚಪ್ಪಟೆಯಾಗಿ ಇಡಿ. ವಾಪಸ್ ಬಂದ ತಕ್ಷಣ ಪೂರ್ತಿ ಬಿಚ್ಚಿ ಗಾಳಿಗೆ ಹಾಕಿ. ಒಂದೇ ಗೆರೆ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಜರಿ ಅಲ್ಲೇ ಒಡೆಯುತ್ತೆ.

ಹತ್ತಿ ಬಟ್ಟೆಗೆ ಒಂದು ಸ್ಪ್ರೇ: ಒಂದು ಲೋಟ ನೀರಿಗೆ ಒಂದು ಚಮಚ ಕಂಫರ್ಟ್ (ಒಗೆದ ಬಟ್ಟೆ ಮೆತ್ತಗೆ ಮಾಡೋ ದ್ರವ). ಮಂಜು ಬಿದ್ದಷ್ಟೇ ಸಿಂಪಡಿಸಿ, ಎರಡೂ ಕೈಯಲ್ಲಿ ಎಳೆದು ಸವರಿ, ಹ್ಯಾಂಗರಿಗೆ ಹಾಕಿ. ಕೋಣೆಯಲ್ಲಿ ಹೇರ್ ಡ್ರೈಯರ್ ಇದ್ದರೆ ಕಾಲರಿಗೂ ಗುಂಡಿ ಪಟ್ಟಿಗೂ ಸ್ವಲ್ಪ ಬಿಸಿಗಾಳಿ. ರೇಷ್ಮೆ ಹತ್ತಿರ ಮಾತ್ರ ಆ ಬಾಟಲಿ ತರಲೇಬೇಡಿ. ಪಾಲಿಯೆಸ್ಟರಿಗೆ ಅದರಿಂದ ಏನೂ ಆಗಲ್ಲ, ಅದು ನೀರಿಗೆ ಬಗ್ಗಲ್ಲ. ವಿಮಾನದ ಕೈಚೀಲದಲ್ಲಿ ಒಯ್ಯೋದಾದ್ರೆ ಬಾಟಲಿ ನೂರು ಮಿಲಿಗಿಂತ ದೊಡ್ಡದಿರಬಾರದು.

ಕಡಲತಡಿ

ಅಕ್ಕ ಹೇಳಿದ್ದು ಸರಿ. ಇನ್ನೆರಡು ಮಾತು. ಮೊದಲ ಸಂಜೆಯ ಬಟ್ಟೆ ಕೈಚೀಲದಲ್ಲಿರಲಿ, ಸೂಟ್‌ಕೇಸು ಯಾವಾಗ ಬಾಗಿಲಿಗೆ ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಕೋಣೆಯ ಗೋಡೆ ಒಳಗೆ ಉಕ್ಕು, ಅಯಸ್ಕಾಂತದ ಕೊಕ್ಕೆ ಕಚ್ತದೆ. ನಾಲ್ಕು ಒಯ್ಯಿರಿ, ಬಂದ ಕೂಡಲೇ ಎಲ್ಲ ತೂಗುಹಾಕಿ. ಬಾಲ್ಕನಿಯಲ್ಲಿ ಬೇಡ, ಉಪ್ಪುಗಾಳಿಗೆ ಬಟ್ಟೆ ಜಿಗುಟು ಆಗ್ತದೆ, ಹಾರಿಹೋದ್ರೆ ಸಮುದ್ರಪಾಲು. ಇಷ್ಟು ಮಾಡಿಯೂ ಬ್ಲೇಜರ್ ಸುಕ್ಕಾಗಿದ್ದರೆ ಮೊದಲ ಸಂಜೆಯೇ ಲಾಂಡ್ರಿಗೆ ಕೊಡಿ. ಫಾರಮ್ಮಿನಲ್ಲಿ ಪ್ರೆಸ್ಸಿಂಗ್ ಮಾತ್ರ ಅಂತ ಬೇರೆ ಕಾಲಂ ಇದ್ರೆ ಅಲ್ಲೇ ಗುರುತು ಹಾಕಿ, ಒಗೆತಕ್ಕೆ ಹಾಕಿದ್ರೆ ದುಡ್ಡೂ ಹೆಚ್ಚು, ದಿನವೂ ಹೆಚ್ಚು.

ಜಯನಗರದ_ಜೋಳಿಗೆ

ಮನೆಯಲ್ಲೇ ಪರೀಕ್ಷೆ ಮಾಡಿದೆ. ಒಂದೇ ಬಟ್ಟೆಯ ಎರಡು ಲಿನನ್ ಶರ್ಟು. ಒಂದನ್ನು ಗಾಡಿಯಿಂದ ಬಿಸಿಬಿಸಿ ತಂದು ಮಡಿಸಿಟ್ಟೆ, ಇನ್ನೊಂದನ್ನು ರಾತ್ರಿ ತೂಗುಹಾಕಿ ಬೆಳಗ್ಗೆ ಪ್ಲಾಸ್ಟಿಕ್ ಕವರ್ ಸಮೇತ ಮಡಿಸಿದೆ. ಎರಡು ದಿನ ಸೂಟ್‌ಕೇಸು ನಿಲ್ಲಿಸಿಟ್ಟೆ. ಮೊದಲನೆಯದು ಚೆಸ್ ಬೋರ್ಡು. ಎರಡನೆಯದರಲ್ಲಿ ಹೊಟ್ಟೆ ಹತ್ತಿರ ಒಂದು ಮೆತ್ತನೆ ಗೆರೆ, ಸ್ಪ್ರೇಗೆ ಹೋಯ್ತು. ಮಡಿಸದೆ ಕೊಡಪ್ಪಾ ಅಂದಿದ್ದಕ್ಕೆ ಗಾಡಿಯವನು, ಸರ್ ಮಡಿಸೋದೇ ನನ್ನ ಕೈಚಳಕ, ಅದನ್ನೇ ಬೇಡ ಅಂತೀರಲ್ಲ ಅಂದ.

ಜಯನಗರದ_ಜೋಳಿಗೆ (ಜನವರಿ)

ಹೋಗಿ ಬಂದ್ವಿ. ಶರ್ಟು ಸರಿಯಿತ್ತು, ಬ್ಲೇಜರ್ ಸರಿಯಿತ್ತು, ಮೈಸೂರು ಸಿಲ್ಕ್ ಬಗ್ಗೆ ಪಕ್ಕದ ಟೇಬಲ್ಲಿನವರು ವಿಚಾರಿಸಿಕೊಂಡು ಹೋದ್ರು. ಕೆಟ್ಟಿದ್ದು ಪ್ಯಾಂಟು ಮಾತ್ರ. ಧಾರವಾಡದವರ ಮಾತು ಕೇಳಿ ಹಾಸಿಗೆ ಕೆಳಗೆ ಇಟ್ಟು ಮಲಗಿ, ಬೆಳಗ್ಗೆ ಮರೆತು ತಿಂಡಿಗೆ ಹೋಗಿದ್ದೆ. ವಾಪಸ್ ಬಂದಾಗ ಕೋಣೆ ಹುಡುಗ ಅದನ್ನು ಹುಡುಕಿ ತೆಗೆದು, ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ, ಮೇಲೆ ಟವೆಲಿನ ಆನೆ ಕೂರಿಸಿ ಹೋಗಿದ್ದ.

ಧಾರವಾಡ_ಫೇಡಾ

ಆನಿ ಫೋಟೊ ಹಾಕ್ರಿ ಸರ.