ಹನ್ನೆರಡು ತಂಡಗಳ ಲೀಗ್, ಎಂಟನೇ ಸರದಿ: ಮೊದಲ ಸುತ್ತಿನಲ್ಲಿ ಯಾವ ರನ್ನಿಂಗ್ ಬ್ಯಾಕ್?

ಪ್ರಶ್ನೆ (ಹೊಸ ತಂಡ, ಫಿಲಡೆಲ್ಫಿಯಾ)

ಎಲ್ಲರಿಗೂ ನಮಸ್ಕಾರ. ಫಿಲಡೆಲ್ಫಿಯಾ ಬಳಿ ಇರುವ ನಮ್ಮ ಕಚೇರಿಯವರು 2025ರ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ಗೆ (ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರ ಆಟಕ್ಕೆ ತಕ್ಕಂತೆ ಅಂಕ ಗಳಿಸುವ ಸ್ಪರ್ಧೆ) ನನ್ನನ್ನೂ ಸೇರಿಸಿಕೊಂಡಿದ್ದಾರೆ. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಪಂದ್ಯಗಳನ್ನು ನೋಡುವ ಅಭ್ಯಾಸವಿದೆ, ನಿಯಮಗಳೂ ಗೊತ್ತು; ಆದರೆ ಡ್ರಾಫ್ಟ್‌ಗೆ, ಎಂದರೆ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ, ಕೂರುವುದು ಇದೇ ಮೊದಲು. ಊರಿನಲ್ಲಿದ್ದಾಗ ಡ್ರೀಮ್ ಇಲೆವೆನ್ ಆಡಿದ್ದು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವಂತೆ ಕಾಣುತ್ತಿಲ್ಲ. ಅಲ್ಲಿ ಕೊಹ್ಲಿಯನ್ನು ಬೇಕೆಂದವರೆಲ್ಲ ತಮ್ಮ ತಂಡಕ್ಕೆ ಹಾಕಿಕೊಳ್ಳಬಹುದಿತ್ತು. ಇಲ್ಲಿ ಒಬ್ಬ ಆಟಗಾರನನ್ನು ಒಬ್ಬರು ಆರಿಸಿಕೊಂಡ ಮೇಲೆ ಉಳಿದ ಹನ್ನೊಂದು ಮಂದಿ ಆ ಹೆಸರನ್ನು ಮರೆಯಬೇಕು.

ಹನ್ನೆರಡು ತಂಡಗಳ ಸ್ನೇಕ್ ಡ್ರಾಫ್ಟ್, ಪ್ರತಿ ಸುತ್ತಿನಲ್ಲೂ ಸರದಿಯ ಕ್ರಮ ತಿರುಗುಮುರುಗಾಗುತ್ತದೆ. ನನಗೆ ಎಂಟನೇ ಸರದಿ ಬಂದಿದೆ. ಎಂದರೆ ಎರಡನೇ ಸುತ್ತಿನಲ್ಲಿ ಹದಿನೇಳನೆಯ ಆಯ್ಕೆ, ಮೂರನೇ ಸುತ್ತಿನಲ್ಲಿ ಮೂವತ್ತೆರಡನೆಯದು. ಪೂರ್ಣ ಪಿಪಿಆರ್ ಪದ್ಧತಿಯಾದ್ದರಿಂದ ಪ್ರತಿ ಕ್ಯಾಚಿಗೂ ಒಂದು ಅಂಕವಿದೆ. ಇಬ್ಬರು ರನ್ನಿಂಗ್ ಬ್ಯಾಕ್ (ಚೆಂಡು ಹೊತ್ತು ಓಡುವವರು), ಇಬ್ಬರು ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವವರು) ಮತ್ತು ಒಬ್ಬ ಫ್ಲೆಕ್ಸ್ ಆಟಗಾರನನ್ನು (ಇಂಥ ಯಾವ ಸ್ಥಾನದವರಾದರೂ ಸರಿ) ಆಡಿಸಬೇಕು. ಸಹೋದ್ಯೋಗಿಗಳೆಲ್ಲ ಊರಿನ ತಂಡ ಈಗಲ್ಸ್‌ನ ಅಭಿಮಾನಿಗಳಾಗಿರುವುದರಿಂದ ಅದರ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ನನ್ನ ಸರದಿಯ ತನಕ ಉಳಿಯುವುದಿಲ್ಲ. ಬಿಜಾನ್ ರಾಬಿನ್ಸನ್, ಜಮೀರ್ ಗಿಬ್ಸ್ ಅವರ ಆಸೆಯನ್ನೂ ಬಿಟ್ಟಿದ್ದೇನೆ. ಹಾಗಿರುವಾಗ ಎಂಟನೆಯ ಆಯ್ಕೆಯಲ್ಲಿ ರನ್ನಿಂಗ್ ಬ್ಯಾಕ್‌ನನ್ನೇ ಹಿಡಿಯಬೇಕೇ? ಹಿಡಿಯುವುದಾದರೆ ಕಳೆದ ವರ್ಷದ ಅಂಕಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದರೆ ಸಾಕೇ?

ಉತ್ತರ (ಬೇ ಏರಿಯಾ ಹಳಬ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಸಾಲದು. ಕಳೆದ ವರ್ಷದ ಅಂಕಗಳಿಗಿಂತ, ತಂಡ ಆ ಆಟಗಾರನ ಕೈಗೆ ಎಷ್ಟು ಸಲ ಚೆಂಡು ಕೊಡುತ್ತದೆ, ಎಲ್ಲಿ ಕೊಡುತ್ತದೆ ಎಂಬುದನ್ನು ನೋಡಬೇಕು. ಇದಕ್ಕೆ ಬಿಜಾನ್ ರಾಬಿನ್ಸನ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2023ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ತಂಡ ಅವರಿಂದ 214 ಸಲ ಮಾತ್ರ ಓಡಿಸಿತು. ಬಂದದ್ದು 976 ಯಾರ್ಡ್, ಕ್ಯಾಚುಗಳದ್ದೂ ಸೇರಿ ಎಂಟು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ಫ್ಯಾಂಟಸಿ ಆಡುವವರೆಲ್ಲ ಅಂದಿನ ಕೋಚ್ ಆರ್ಥರ್ ಸ್ಮಿತ್ ಅವರಿಗೆ ಹಿಡಿಶಾಪ ಹಾಕಿದ್ದರು. ಕೋಚ್ ಬದಲಾದರು. 2024ರಲ್ಲಿ ಅದೇ ಆಟಗಾರ 304 ಸಲ ಓಡಿ 1,456 ಯಾರ್ಡ್ ಗಳಿಸಿದರು, 61 ಕ್ಯಾಚ್ ಹಿಡಿದರು, ಟಚ್‌ಡೌನ್‌ಗಳು ಹದಿನೈದಕ್ಕೆ ಏರಿದವು. ಅವರ ಸಾಮರ್ಥ್ಯ ಒಂದೇ ವರ್ಷದಲ್ಲಿ ಇಷ್ಟು ಬೆಳೆಯಿತೆಂದು ನಾನು ನಂಬುವುದಿಲ್ಲ. ಸಿಕ್ಕ ಅವಕಾಶ ಬೆಳೆಯಿತು.

ಎರಡನೆಯದಾಗಿ, ನಿಮ್ಮ ಲೀಗ್‌ನ ಅಂಕ ಪದ್ಧತಿ. ಹತ್ತು ಯಾರ್ಡಿಗೆ ಒಂದು ಅಂಕ, ಟಚ್‌ಡೌನ್‌ಗೆ ಆರು ಎಂಬುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಕ್ಯಾಚಿನ ಅಂಕ ಹಾಗಲ್ಲ. 2024ರಲ್ಲಿ ಬಾಲ್ಟಿಮೋರ್ ರೇವನ್ಸ್‌ನ ಡೆರಿಕ್ ಹೆನ್ರಿ 1,921 ಯಾರ್ಡ್ ಓಡಿದರೂ ಹಿಡಿದ ಕ್ಯಾಚ್ 19 ಮಾತ್ರ. ಮಯಾಮಿ ಡಾಲ್ಫಿನ್ಸ್‌ನ ಡೆವಾನ್ ಏಚಾನ್ ಓಡಿದ್ದು 907 ಯಾರ್ಡ್, ಹಿಡಿದ ಕ್ಯಾಚ್ 78. ಒಟ್ಟು ಅಂಕಗಳಲ್ಲಿ ಹೆನ್ರಿಯೇ ಮುಂದಿದ್ದರು, ನಿಜ. ಆದರೆ ಪಿಪಿಆರ್ ಇದ್ದಲ್ಲಿ ಅವರ ಮುನ್ನಡೆಯಿಂದ 59 ಅಂಕಗಳು, ಅಂದರೆ ವಾರಕ್ಕೆ ಸುಮಾರು ಮೂರೂವರೆ ಅಂಕಗಳು ಕರಗಿಹೋಗುತ್ತವೆ. ಯಾಹೂವಿನಲ್ಲಿ ಆಡುವ ಗೆಳೆಯರ ಸಲಹೆ ಕೇಳುವಾಗಲೂ ಇದು ನೆನಪಿರಲಿ, ಏಕೆಂದರೆ ಅಲ್ಲಿ ಬೇರೆ ಏನನ್ನೂ ಆರಿಸದಿದ್ದರೆ ಕ್ಯಾಚಿಗೆ ಅರ್ಧ ಅಂಕವೇ.

ಹಾಗೆಂದು ಏಚಾನ್ ಅವರನ್ನು ಕಣ್ಣುಮುಚ್ಚಿ ಆರಿಸಬೇಡಿ. ಕಳೆದ ಹಂಗಾಮಿನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾ ತಲೆಗೆ ಪೆಟ್ಟಾಗಿ ಹೊರಗುಳಿದ ವಾರಗಳಲ್ಲಿ ಇವರ ಆಟವೂ ಸೊರಗಿತ್ತು. ನನ್ನ ಮಟ್ಟಿಗೆ ಎಂಟನೆಯ ಆಯ್ಕೆ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ. ನಾನು ನೈನರ್ಸ್ ಅಭಿಮಾನಿಯೆಂಬುದನ್ನು ನೆನಪಿನಲ್ಲಿಟ್ಟೇ ಈ ಮಾತನ್ನು ತೂಗಿ. 2023ರಲ್ಲಿ ಒಟ್ಟು 21 ಟಚ್‌ಡೌನ್ ಗಳಿಸಿದ, 2019ರಲ್ಲಿ ಓಟ ಮತ್ತು ಕ್ಯಾಚ್ ಎರಡರಲ್ಲೂ ಸಾವಿರ ಯಾರ್ಡ್ ದಾಟಿದ ಆಟಗಾರ ಎಂಟನೆಯ ಸ್ಥಾನದ ತನಕ ಜಾರಿ ಬರುವುದು ದಿನಾ ನಡೆಯುವ ಸಂಗತಿಯಲ್ಲ.

ಉತ್ತರ (ರಿಸೀವರ್ ಪಕ್ಷ)

ಮೇಲಿನವರ ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. ಮೆಕ್ಯಾಫ್ರಿ ಏಕೆ ಜಾರಿದ್ದಾರೆಂಬುದನ್ನು ಅವರು ಹೇಳಲಿಲ್ಲ. ಕಳೆದ ವರ್ಷ ಬಹುಪಾಲು ಡ್ರಾಫ್ಟ್‌ಗಳಲ್ಲಿ ಮೊದಲ ಆಯ್ಕೆಯಾಗಿದ್ದವರು ಇವರೇ. ಮೊದಲ ವಾರದ ಸೋಮವಾರ ರಾತ್ರಿ ಜೆಟ್ಸ್ ವಿರುದ್ಧದ ಪಂದ್ಯ ಇನ್ನೇನು ಆರಂಭವಾಗಬೇಕು ಎನ್ನುವಾಗ ಇವರು ಆಡುವುದಿಲ್ಲವೆಂದು ಪ್ರಕಟಣೆ ಬಂತು. ಭಾನುವಾರದ ಪಂದ್ಯಗಳೆಲ್ಲ ಮುಗಿದುಹೋಗಿದ್ದವು. ಬೆಂಚಿನಲ್ಲಿದ್ದ ಬದಲಿಗಳನ್ನು ಒಳಗೆ ತರುವ ದಾರಿಯೂ ಇರಲಿಲ್ಲ. ಅವರ ಬದಲಿಗೆ ಇಳಿದ ಜೋರ್ಡನ್ ಮೇಸನ್ ಎಂಬ, ಹೆಚ್ಚಿನವರು ಡ್ರಾಫ್ಟ್‌ನಲ್ಲಿ ಮುಟ್ಟಿಯೂ ನೋಡದ ಆಟಗಾರ ಆ ರಾತ್ರಿ 147 ಯಾರ್ಡ್ ಓಡಿದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋವಿನಿಂದ ಮೆಕ್ಯಾಫ್ರಿ ನವೆಂಬರ್ ತನಕ ಬರಲಿಲ್ಲ. ಬಂದ ಮೇಲೆ ಮೊಣಕಾಲು ಕೆಟ್ಟಿತು. ಇಡೀ ಹಂಗಾಮಿನಲ್ಲಿ ಆಡಿದ್ದು ನಾಲ್ಕೇ ಪಂದ್ಯ. 2025ರಲ್ಲಿ ಅವರಿಗೆ 29 ವರ್ಷ ತುಂಬಿತು.

ಇದು ಒಬ್ಬರ ಕಥೆಯಲ್ಲ, ಒಂದು ವರ್ಷ ಅತಿಯಾಗಿ ಓಡಿದವರು ಮರುವರ್ಷ ಗಾಯಗೊಂಡ ಉದಾಹರಣೆಗಳಿವೆ. ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಓಡಿ, ಮರುವರ್ಷದ ನಾಲ್ಕನೆಯ ಪಂದ್ಯದಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡರು. ಲ್ಯಾರಿ ಜಾನ್ಸನ್ 2006ರಲ್ಲಿ 416 ಸಲ ಚೆಂಡು ಹೊತ್ತು ದಾಖಲೆ ಮಾಡಿದರು, 2007ರಲ್ಲಿ ಎಂಟು ಪಂದ್ಯಗಳ ನಂತರ ಕಾಲಿನ ಪೆಟ್ಟಿನಿಂದ ಹೊರಬಿದ್ದರು. ಬಾರ್ಕ್ಲಿ ಕೂಡ ಕಳೆದ ಹಂಗಾಮಿನಲ್ಲಿ ಪ್ಲೇಆಫ್ ಸೇರಿ 436 ಸಲ ಓಡಿದ್ದಾರೆ. ನಿಮ್ಮ ಸಹೋದ್ಯೋಗಿಗಳು ಅವರಿಗಾಗಿ ಕಿತ್ತಾಡಲಿ. ಮೊದಲ ಸುತ್ತಿನಲ್ಲಿ ನೀವು ಒಬ್ಬ ಒಳ್ಳೆಯ ರಿಸೀವರ್ ಹಿಡಿಯಿರಿ. ರನ್ನಿಂಗ್ ಬ್ಯಾಕ್‌ಗಳು ಹಂಗಾಮಿನ ನಡುವೆಯೂ ಹುಟ್ಟುತ್ತಾರೆ. 2023ರಲ್ಲಿ ಕೈರನ್ ವಿಲಿಯಮ್ಸ್ ಅವರನ್ನು ಬಹುತೇಕ ಲೀಗ್‌ಗಳಲ್ಲಿ ವೇವರ್‌ನಿಂದ, ಎಂದರೆ ಯಾರೂ ಆರಿಸದೆ ಉಳಿದವರ ಪಟ್ಟಿಯಿಂದ ಎತ್ತಿಕೊಂಡರು. ಅವರು ಹನ್ನೆರಡೇ ಪಂದ್ಯಗಳಲ್ಲಿ 1,144 ಯಾರ್ಡ್ ಓಡಿದರು. ಕಳೆದ ವರ್ಷ ಟ್ಯಾಂಪಾ ಬೇಯಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ಬಂದ ಹೊಸ ಹುಡುಗ ಬಕಿ ಇರ್ವಿಂಗ್ 1,122 ಯಾರ್ಡ್ ಗಳಿಸಿದರು.

ಮರುಪ್ರಶ್ನೆ (ಹೊಸ ತಂಡ, ಫಿಲಡೆಲ್ಫಿಯಾ)

ಇಬ್ಬರಿಗೂ ಧನ್ಯವಾದ. ಮೆಕ್ಯಾಫ್ರಿ ವಿಷಯದಲ್ಲಿ ನನಗೂ ಧೈರ್ಯ ಸಾಲುತ್ತಿಲ್ಲ. ಆದರೆ ಮೊದಲ ಸುತ್ತಿನಲ್ಲಿ ರಿಸೀವರ್ ಹಿಡಿದರೆ ಹದಿನೇಳನೆಯ ಆಯ್ಕೆಯ ಹೊತ್ತಿಗೆ ನಂಬಬಹುದಾದ ರನ್ನಿಂಗ್ ಬ್ಯಾಕ್ ಉಳಿದಿರುತ್ತಾರೆಯೇ? ಲಾಸ್ ವೇಗಸ್ ರೇಡರ್ಸ್ ಸೇರಿರುವ ಹೊಸ ರನ್ನಿಂಗ್ ಬ್ಯಾಕ್ ಆಷ್ಟನ್ ಜೆಂಟಿ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ?

ಉತ್ತರ (ನ್ಯೂಜೆರ್ಸಿಯ ಲೀಗ್ ಕಮಿಷನರ್)

ಹಲವು ವರ್ಷಗಳಿಂದ ಲೀಗ್ ನಡೆಸುತ್ತಿರುವುದರಿಂದ ಒಂದು ಮಾತು ಹೇಳಬಲ್ಲೆ. ನಿಮಗಿರುವ ದೊಡ್ಡ ಅನುಕೂಲವನ್ನು ನೀವೇ ಬರೆದು, ಗಮನಿಸದೆ ದಾಟಿದ್ದೀರಿ. ಈಗಲ್ಸ್ ಅಭಿಮಾನಿಗಳಿಂದ ತುಂಬಿದ ಲೀಗ್‌ನಲ್ಲಿ ಬಾರ್ಕ್ಲಿಯಷ್ಟೇ ಅಲ್ಲ, ರಿಸೀವರ್ ಎ.ಜೆ. ಬ್ರೌನ್, ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಕೂಡ ತಮ್ಮ ಬೆಲೆಗಿಂತ ಬೇಗ ಹೋಗುತ್ತಾರೆ. ಡ್ರಾಫ್ಟ್‌ಗೆಂದು ಮಾಡುವ ಶ್ರೇಯಾಂಕ ಪಟ್ಟಿಗಳಲ್ಲಿ ಹರ್ಟ್ಸ್ ಅವರ ಹೆಸರು ಮೊದಲೆರಡು ಸುತ್ತುಗಳಲ್ಲಿ ಇರುವುದಿಲ್ಲ. ನಿಮ್ಮ ಕಚೇರಿಯಲ್ಲಿ ಎರಡನೇ ಸುತ್ತಿನಲ್ಲೇ ಯಾರೋ ಒಬ್ಬರು ಅವರನ್ನು ಎತ್ತಿಕೊಂಡರೆ ಆಶ್ಚರ್ಯವಿಲ್ಲ. ಹಾಗೆ ಬೇಗ ಹೋದ ಪ್ರತಿ ಈಗಲ್ಸ್ ಆಟಗಾರನಿಗೆ ಬದಲಾಗಿ ಬೇರೆ ತಂಡದ ಒಬ್ಬ ಒಳ್ಳೆಯ ಆಟಗಾರ ನಿಮ್ಮತ್ತ ಒಂದು ಮೆಟ್ಟಿಲು ಇಳಿದು ಬರುತ್ತಾನೆ. ಗಿಬ್ಸ್ ಎಂಟಕ್ಕೆ ಬರುವುದು ಕಷ್ಟವೇ, ಆದರೂ ಅವರ ಹೆಸರನ್ನು ಹೊಡೆದುಹಾಕಬೇಡಿ. ಡೆಟ್ರಾಯಿಟ್ ಲಯನ್ಸ್‌ನಲ್ಲಿ ಅವರು ಡೇವಿಡ್ ಮಾಂಟ್ಗೊಮರಿ ಜೊತೆ ಚೆಂಡು ಹಂಚಿಕೊಂಡೂ ಕಳೆದ ವರ್ಷ 20 ಟಚ್‌ಡೌನ್ ಗಳಿಸಿದ್ದಾರೆ. ಮಾಂಟ್ಗೊಮರಿ ಗಾಯಗೊಂಡಿದ್ದಾಗ, ಕೊನೆಯ ವಾರ ವೈಕಿಂಗ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು. ಆದರೆ ಲಯನ್ಸ್‌ನ ಆಕ್ರಮಣವನ್ನು ರೂಪಿಸಿದ ಬೆನ್ ಜಾನ್ಸನ್ ಶಿಕಾಗೋಗೆ ಹೋಗಿದ್ದಾರೆ, ಓಟಕ್ಕೆ ದಾರಿ ಮಾಡಿಕೊಡುತ್ತಿದ್ದ ಸೆಂಟರ್ ಫ್ರ್ಯಾಂಕ್ ರಾಗ್‌ನೌ ನಿವೃತ್ತರಾಗಿದ್ದಾರೆ ಎಂಬುದೂ ಲೆಕ್ಕದಲ್ಲಿರಲಿ.

ಗೋಲ್ ಲೈನ್, ಎಂದರೆ ಟಚ್‌ಡೌನ್‌ಗೆ ದಾಟಬೇಕಾದ ಗೆರೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಬಾರ್ಕ್ಲಿ 2,005 ಯಾರ್ಡ್ ಓಡಿದ ವರ್ಷದಲ್ಲಿ ಅವರ ಓಟದ ಟಚ್‌ಡೌನ್ 13. ಅವರದೇ ಕ್ವಾರ್ಟರ್‌ಬ್ಯಾಕ್ ಹರ್ಟ್ಸ್ ಅವರದು 14. ಒಂದು ಯಾರ್ಡ್ ಉಳಿದಾಗ ಹರ್ಟ್ಸ್ ಚೆಂಡನ್ನು ಎದೆಗವಚಿಕೊಂಡು ಬಗ್ಗುತ್ತಾರೆ, ಹಿಂದಿದ್ದವರು ಬೆನ್ನಿಗೆ ಕೈಯಿಟ್ಟು ತಳ್ಳುತ್ತಾರೆ, ಎಂಬತ್ತು ಯಾರ್ಡ್ ದುಡಿದ ರನ್ನಿಂಗ್ ಬ್ಯಾಕ್ ಪಕ್ಕದಲ್ಲಿ ನಿಂತು ನೋಡುತ್ತಾರೆ. ಯಾರನ್ನು ಆರಿಸುವ ಮೊದಲೂ ಅವರ ತಂಡದಲ್ಲಿ ಆ ಕೊನೆಯ ಯಾರ್ಡ್ ಯಾರ ಪಾಲಿನದೆಂದು ವಿಚಾರಿಸಿಕೊಳ್ಳಿ.

ಜೆಂಟಿಯೇ ನನ್ನ ಸಲಹೆ. ಬಾಯ್ಸೀ ಸ್ಟೇಟ್ ವಿಶ್ವವಿದ್ಯಾಲಯದ ಪರ ಕಾಲೇಜು ಫುಟ್‌ಬಾಲ್‌ನಲ್ಲಿ ಕಳೆದ ವರ್ಷ 374 ಓಟಗಳಲ್ಲಿ 2,601 ಯಾರ್ಡ್ ಗಳಿಸಿ ಬ್ಯಾರಿ ಸ್ಯಾಂಡರ್ಸ್ ಅವರ ಒಂದೇ ಹಂಗಾಮಿನ ಕಾಲೇಜು ದಾಖಲೆಗೆ 27 ಯಾರ್ಡ್ ಹತ್ತಿರ ಬಂದಿದ್ದರು. ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ರೇಡರ್ಸ್ ಆರನೆಯ ಆಯ್ಕೆಯನ್ನು ಅವರ ಮೇಲೆ ಖರ್ಚು ಮಾಡಿದೆ. 2018ರಲ್ಲಿ ಎರಡನೆಯವರಾಗಿ ಆಯ್ಕೆಯಾದ ಬಾರ್ಕ್ಲಿಯ ನಂತರ ಇಷ್ಟು ಮೇಲೆ ಯಾವ ರನ್ನಿಂಗ್ ಬ್ಯಾಕ್ ಕೂಡ ಹೋಗಿರಲಿಲ್ಲ. ಅಷ್ಟು ಬೆಲೆ ತೆತ್ತ ತಂಡ ಅವರನ್ನು ಬೆಂಚಿನಲ್ಲಿ ಕೂರಿಸುವುದಿಲ್ಲ. ಅವರಿಗೆ ದಾರಿ ಮಾಡಿಕೊಡಬೇಕಾದ ಆಫೆನ್ಸಿವ್ ಲೈನ್ ಬಗ್ಗೆ ನನಗೆ ಅನುಮಾನವಿದ್ದೇ ಇದೆ, ಆದರೂ ಚೆಂಡು ಸಿಗುವುದರ ಬಗ್ಗೆ ಇಲ್ಲ.

ನಿಮ್ಮ ಸರದಿ ಬರುವ ಮೊದಲೇ ಅವರು ಹೋಗಿದ್ದರೆ ಎರಡನೆಯ ಉತ್ತರದವರು ಹೇಳಿದಂತೆ ರಿಸೀವರ್ ಹಿಡಿಯಿರಿ. ಹದಿನೇಳರ ಸುತ್ತಮುತ್ತ ಪ್ಯಾಕರ್ಸ್‌ನ ಜಾಶ್ ಜೇಕಬ್ಸ್ ಇಲ್ಲವೇ ಇರ್ವಿಂಗ್ ಸಿಗುವ ಸಾಧ್ಯತೆ ಚೆನ್ನಾಗಿದೆ. ಜೇಕಬ್ಸ್ ಕಳೆದ ವರ್ಷ 1,329 ಯಾರ್ಡ್ ಓಡಿ, ಓಟದಲ್ಲೇ 15 ಟಚ್‌ಡೌನ್ ಗಳಿಸಿದವರು, ಗೋಲ್ ಲೈನಿನಲ್ಲಿ ತಂಡ ಅವರನ್ನೇ ನೆಚ್ಚಿಕೊಂಡಿದೆ. ಇರ್ವಿಂಗ್ 47 ಕ್ಯಾಚ್ ಹಿಡಿದಿದ್ದಾರೆ, ನಿಮ್ಮ ಅಂಕ ಪದ್ಧತಿಗೆ ಅವರು ಒಗ್ಗುತ್ತಾರೆ. ಇಬ್ಬರೂ ಉಳಿದಿದ್ದರೆ ನಾನಂತೂ ಜೇಕಬ್ಸ್ ಅವರನ್ನು ತೆಗೆದುಕೊಳ್ಳುತ್ತೇನೆ. ಕೊನೆಯ ಸುತ್ತುಗಳಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್ ಹುಡುಕುವ ಬದಲು ನಿಮ್ಮ ಮೊದಲ ರನ್ನಿಂಗ್ ಬ್ಯಾಕ್‌ನ ಬದಲಿ ಆಟಗಾರನನ್ನೇ ಬೆಂಚಿಗೆ ತಂದಿಟ್ಟುಕೊಳ್ಳಿ. ಮೇಸನ್ ಕಥೆಯನ್ನು ಮೇಲೆ ಓದಿದ್ದೀರಿ.